ಬೋರಲು ಹಾಕಿದ ಬಕೆಟ್ಟು

"ಜಲ್ದಿ ನೀರು ಸುರವು ಹುಚ್ಚವ್ವಾ. ಶಿಗ್ಲಿಯಿಂದ ಬೀಗರು ಬರೋದ್ರಾಗ ಎಲ್ಲಾ ಸ್ವಚ್ಛ ಆಗ್ಬೇಕು," ಎಂದಳು ನೀಲವ್ವ. ಹಿರಿಸೊಸೆ ಅಂಕಿತಾ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗೆ ಜಾರಿ ಬಿದ್ದು ಸತ್ತಳೆಂದು ಬೆಳಿಗ್ಗೆ ನೀಲವ್ವನೇ ಹುಚ್ಚವ್ವನಿಗೆ ಹೇಳಿ ಕಳಿಸಿದ್ದಳು. ಹೆಣ ಆಗಲೇ ಆಸ್ಪತ್ರೆಗೆ ಹೋಗಿತ್ತು. ಇಂಥ ಸಾವಾದ ಮನೆಗಳನ್ನು ತೊಳೆಯಲು ಬೆಟಗೇರಿಯವರು ಕರೆಯುವುದು ಹುಚ್ಚವ್ವನನ್ನೇ.

ತುಂಬಿದ ಬಕೆಟ್ಟನ್ನು ಎತ್ತಿದ ಹುಚ್ಚವ್ವ ಹಾಗೇ ನಿಂತಳು. ಮಗ್ಗದ ಕುಣಿಯಲ್ಲಿ ಒಂದು ಹನಿ ರಕ್ತವೂ ಇರಲಿಲ್ಲ. ರಕ್ತವೆಲ್ಲ ಬೀದಿಬಾಗಿಲ ಬಳಿ ಇತ್ತು, ಅದರಲ್ಲಿ ಹಸಿರು ಬಳೆಚೂರುಗಳು. ಹುಡುಗಿ ಇಲ್ಲಿಯವರೆಗೆ ಓಡಿ ಬಂದಿದ್ದಾಳೆ. ಹೊರಬೀಳಲು ಇನ್ನೊಂದು ಹೆಜ್ಜೆ ಸಾಕಿತ್ತು.

ಹುಚ್ಚವ್ವ ಬಕೆಟ್ಟಿನ ನೀರನ್ನು ಗಟಾರಕ್ಕೆ ಚೆಲ್ಲಿದಳು. ಬಕೆಟ್ಟನ್ನು ಬಾಗಿಲಿಗೆ ಅಡ್ಡವಾಗಿ ಬೋರಲು ಹಾಕಿ ಅದರ ಮೇಲೆ ಕುಳಿತಳು. "ತವರಿನವರು ಸತ್ತಾಕಿ ಮಾರಿ ನೋಡೂತನಕ ಹೆಣ ಎತ್ತಬಾರ್ದು ಅಂತಾರ. ನೀವು ಎತ್ತಿಸಿಬಿಟ್ರಿ. ಈ ನೆಲಾನರ ಆಕಿ ಅವ್ವ ನೋಡ್ಲಿ. ಪೊಲೀಸ್ರೂ ನೋಡ್ಲಿ."

"ಹೊಲಸು ಬಳಿಯಾಕಿಗೆ ಎಷ್ಟ ಸೊಕ್ಕು! ಇನ್ನ ಈ ಓಣ್ಯಾಗ ನಿನ್ನ ಯಾರ ಕರೀತಾರ ನೋಡ್ತೀನಿ."

"ಕರೀಬ್ಯಾಡ್ರಿ. ಕರಿಯೂವಂಥಾ ಸಾವೂ ಮಾಡಬ್ಯಾಡ್ರಿ."

ನೀಲವ್ವ ಒಳಗೆ ತಿರುಗಿ ಕಿರಿಸೊಸೆಯನ್ನು ಕೂಗಿದಳು. "ಅನುರಾಧಾ, ನೀನರ ಕಸಬರಗಿ ತಗೊಂಡು ಬಾ."

ಅನುರಾಧಾ ಬಂದಳು. ಕೈಯಲ್ಲಿ ಕಸಬರಿಗೆ ಇರಲಿಲ್ಲ. ಸೀರೆಯ ನಿರಿಗೆ ಎತ್ತಿಕೊಂಡು, ಒಂದು ಬಳೆಚೂರನ್ನೂ ತುಳಿಯದೆ ದಾಟಿ, ಹುಚ್ಚವ್ವನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತಳು.