ಬಿಟ್ಟಿ ಕಾಲಾಳು

ಜಾತಕ ನೋಡುವ ಪದ್ಧತಿ ಅಜ್ಜಿಯರ ಕಾಲಕ್ಕೇ ಮುಗಿದಿತ್ತು. ಈಗ ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿಗೂ ಮೊದಲು ಚದುರಂಗದ ಮಣೆ ಇಡುತ್ತಿದ್ದರು. ಗೆದ್ದವರು ಹೇಳಿದ ಊರಿನಲ್ಲೇ ಸಂಸಾರ ಹೂಡಬೇಕೆಂಬುದು ಕಾಯ್ದೆ. ಹಿರಿಯೂರಿನ ಬೀಜ ಪರೀಕ್ಷಾ ಪ್ರಯೋಗಾಲಯದ ಕೆಲಸ ಬಿಡಲು ಮನಸ್ಸಿಲ್ಲದ ಮಂದಾಕಿನಿ ಸೋಲುವಂತಿರಲಿಲ್ಲ.

ಬಿಳಿ ಕಾಯಿ ಯಾವಾಗಲೂ ಹೆಣ್ಣಿನದು. ಎರಡನೇ ನಡೆಗೇ ಅವಳು ರಾಜನ ಮಗ್ಗುಲಲ್ಲಿ ಕಾವಲಿದ್ದ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿ, ಎದುರಾಳಿಯ ಬಾಯಿಗಿಟ್ಟಳು. ಅವಳ ತಂದೆ ಗಾಬರಿಯಿಂದ ಕೆಮ್ಮಿದರು.

ವರ ಚಿದಂಬರ ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿ, ಹಿಂದೆ ಕೂತಿದ್ದ ತಾಯಿಯ ಮುಖ ನೋಡಿದ.

“ನಾವು ಬಾಯಿಬಿಟ್ಟು ಏನೂ ಕೇಳೋರಲ್ಲ,” ಎಂದರು ತಾಯಿ ಶರ್ವಾಣಮ್ಮ. “ಆದ್ರೆ ಅವರಾಗೇ ಪ್ರೀತಿಯಿಂದ ಕೊಡೋದನ್ನ ಬೇಡ ಅನ್ನಬಾರದು. ತಗೊಳ್ಳೋ!”

“ಇದರಲ್ಲಿ ಏನೋ ಇದೆ ಅಮ್ಮಾ...”

“ಏನಿರುತ್ತೆ, ಒಂದು ಮರದ ತುಂಡು!” ಎನ್ನುತ್ತ ಅವರೇ ಕೈ ಚಾಚಿ ಕಾಲಾಳನ್ನು ಎತ್ತಿಕೊಂಡರು. ಮಗ ತನ್ನ ಕಾಲಾಳನ್ನು ಆ ಮನೆಗೆ ಸರಿಸಿದ.

ಆಮೇಲೆ ಪ್ರತಿ ನಡೆಗೂ ಹಿಂದಿನಿಂದ ಸಲಹೆ ಬಂತು. ಹದಿನೇಳನೇ ನಡೆಗೆ, ಆ ಕಾಲಾಳು ಖಾಲಿ ಮಾಡಿಹೋದ ಸಾಲಿನಲ್ಲೇ ಮಂದಾಕಿನಿಯ ಆನೆ ನುಗ್ಗಿ ಕಪ್ಪು ರಾಜನನ್ನು ಕಟ್ಟಿಹಾಕಿತು.

“ಹೇಳಮ್ಮ, ಎಲ್ಲಿರ್ತೀರಿ?” ಶರ್ವಾಣಮ್ಮನ ದನಿ ಇಳಿದಿತ್ತು.

“ಹಿರಿಯೂರಲ್ಲೇ. ಆದ್ರೆ ಮೊದಲು ನಿಮ್ಮ ಮಗ ಒಬ್ಬರೇ ಬಂದು ಒಂದಾಟ ಆಡ್ಲಿ. ಇವತ್ತು ನಾನು ಆಡಿದ್ದು ನಿಮ್ಮ ಜೊತೆ.”

ಚಿದಂಬರ ಅಂದು ಮೊದಲ ಸಲ ನಕ್ಕ. ತಾಯಿ ಎದ್ದರು. ಬಿಟ್ಟಿ ಸಿಕ್ಕಿದ ಕಾಲಾಳು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು.