ಇಲ್ಲಿ ಮೇಸ್ತ್ರಿ ಯಾರು?

“ಇಲ್ಲಿ ಮೇಸ್ತ್ರಿ ಯಾರು?”

ಹಳೇಬೀಡಿನ ಜಾವಗಲ್ ರಸ್ತೆಯಲ್ಲಿ, ಕಲ್ಲು ಕೆತ್ತುವ ಶೆಡ್ಡಿನ ಮುಂದೆ ಕಾರಿನಿಂದ ಇಳಿದ ಹಿರಿಯರು ದೊಡ್ಡ ದನಿಯಲ್ಲಿ ಕೇಳಿದರು. ನಯನಾ ಉಳಿ ಹಿಡಿದ ಕೈಯಿಂದಲೇ ತಮ್ಮಯ್ಯನನ್ನು ತೋರಿಸಿದಳು. ಬಂದವರು ಗೋವಾದವರು. ತಮ್ಮೂರ ಚರ್ಚಿನ ಬಾಗಿಲಲ್ಲಿಡಲು ಕಲ್ಲಿನ ತೀರ್ಥದ ನೀರಬಟ್ಟಲೊಂದನ್ನು ಮಾಡಿಕೊಡಲು ಫೋನಿನಲ್ಲಿ ಮೊದಲೇ ಹೇಳಿದ್ದರು. ಕಾರವಾರದಲ್ಲಿ ಬಹಳ ಕಾಲ ಇದ್ದುದರಿಂದ ಕನ್ನಡ ಬರುತ್ತಿತ್ತು.

“ನಾನೂ ಮೇಸ್ತ್ರಿಯೇ,” ಎಂದು ನಕ್ಕರು. “ಚರ್ಚಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸುವವನಿಗೆ ನಮ್ಮಲ್ಲಿ ಹಾಗನ್ನುತ್ತಾರೆ.”

“ಬಿಕ್ಕೋಡು ಕಾಫಿ ತೋಟದಾಗೆ ಆಳು ನೋಡ್ಕಳೋನು ಮೇಸ್ತ್ರಿ. ನಮ್ಮ ಪಾಲಿಶ್ ಹುಡುಗ್ರು ರಾಜಸ್ಥಾನದೋರು, ಮೋಟ್ರು ರಿಪೇರಿಯೋನ್ನ ಮಿಸ್ತ್ರಿ ಅಂತಾರೆ. ಎಲ್ಲಾ ಒಂದೇನಾ ಸಾ?” ಎಂದ ತಮ್ಮಯ್ಯ.

“ಒಂದೇ. ಪೋರ್ಚುಗೀಸರ ಹಡಗಿನಲ್ಲಿ ಬಂದ ಮಾತು. ನಿಮ್ಮ ಸ್ಕೂಲಿನ ಮೇಷ್ಟ್ರು ಇಂಗ್ಲಿಷರ ‘ಮಾಸ್ಟರ್’ ಜೊತೆ ಬಂದರು. ಎರಡಕ್ಕೂ ತಾಯಿಬೇರು ಒಂದೇ. ಕಲಿಸುವವನು, ಗುರು ಅಂತ.”

“ಮೇಷ್ಟ್ರ ಏಟಿಗೆ ಹೆದ್ರಿ ಎರಡ್ನೇ ಕ್ಲಾಸಿಗೇ ಓಡ್ಬಂದೋನು ನಾನು. ಈಗ ನೋಡುದ್ರೆ ಅವ್ರೂ ನಾನೂ ಒಂದೇ ಮನೆಯೋರಾ!” ತಮ್ಮಯ್ಯ ತಲೆಯ ಟವೆಲ್ ಬಿಚ್ಚಿ ಮತ್ತೆ ಕಟ್ಟಿಕೊಂಡ.

ಉಳಿ ಇಡುವ ಮೊದಲು ಕಲ್ಲನ್ನು ಸುತ್ತಿಗೆಯಿಂದ ಬಡಿದು ಕೇಳುವುದು ಆ ಶೆಡ್ಡಿನ ಕ್ರಮ. ಬಡಿಯುವವನು ಮೇಸ್ತ್ರಿ ಒಬ್ಬನೇ. ಒಳಗೆ ಸೀಳಿದ್ದರೆ ದನಿ ಮಂಕಾಗುತ್ತದೆ. ಅಂಥ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಬಟ್ಟಲಿಗೆಂದು ತೆಗೆದಿಟ್ಟ ಕಲ್ಲನ್ನು ತಮ್ಮಯ್ಯ ಮೂರು ಕಡೆ ಬಡಿದ. ಎರಡು ಕಡೆ ಠಣ್ ಎಂದಿತು. ಮೂರನೆಯ ಕಡೆ ಠಪ್.

“ಗಂಟೆ ಕಣವ್ವಾ, ಗಂಟೆ! ಹಾಕು ಉಳಿ.”

ನಯನಾಳ ಕೈ ಏಳಲಿಲ್ಲ. ಸಂಗೀತದವರ ಹುಬ್ಬು ಏರಿತು. ಆ ಠಪ್ ಅವರಿಗೂ ಕೇಳಿಸಿತ್ತು; ಅವಳನ್ನೇ ನೋಡಿದರು. ಎಂಟು ವರ್ಷ ಕೈ ಹಿಡಿದು ಕಲಿಸಿದವನ ಕಿವಿಯ ಸೂಕ್ಷ್ಮವನ್ನು ಪಾಲಿಶ್ ಮಿಷನ್ನಿನ ಸದ್ದು ತಿಂದುಹಾಕಿದೆ ಎಂದು ಹೊರಗಿನವರ ಮುಂದೆ ಹೇಗೆ ಹೇಳುವುದು? ಹೇಳದಿದ್ದರೆ, ನಾಳೆ ಸೋರುವ ಬಟ್ಟಲು ಅವನ ಹೆಸರನ್ನೇ ಹೇಳುತ್ತದೆ.

ಅವಳು ಹತ್ತಿರ ಬಂದು ಅವನ ಸುತ್ತಿಗೆಯನ್ನು ತೆಗೆದುಕೊಂಡಳು. “ಮೇಸ್ತ್ರಿ, ಒಂದ್ಸಲ ನಾನು ಬಡೀತೀನಿ. ನೀವು ಕಲ್ಲಿನ ಮ್ಯಾಲೆ ಕೈ ಮಡಗಿ. ನಂಗೂ ಕಲ್ತಂಗಾಯ್ತದೆ.”

ತಮ್ಮಯ್ಯ ಅಂಗೈ ಊರಿದ. ಅವಳು ಅದೇ ಮೂರು ಕಡೆ ಬಡಿದಳು. ಎರಡು ಏಟು ಜುಮ್ಮೆಂದು ಕೈಗೆ ಬಂದವು. ಮೂರನೆಯದು ಬರಲಿಲ್ಲ. ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ. ಅವಳು ಸುತ್ತಿಗೆಯನ್ನು ತಿರುಗಿ ಕೊಡಹೋದಾಗ ತೆಗೆದುಕೊಳ್ಳಲೂ ಇಲ್ಲ.

“ಈ ಕಲ್ಲು ಬ್ಯಾಡ ಸಾ, ಒಳಗೆ ಸೀಳೈತೆ,” ಎಂದ ಗೋವಾದವರಿಗೆ. “ಬ್ಯಾರೆದು ಇವ್ಳು ಬಡಿದು ಆರಿಸ್ತಾಳೆ.”

ಬೇರೆ ಕಲ್ಲು ಆರಿಸಿದ್ದಾಯಿತು. ಗೋವಾದವರು ಕಾರಿನ ಬಳಿ ನಿಂತು, ಮೊದಲಿನಷ್ಟೇ ದೊಡ್ಡ ದನಿಯಲ್ಲಿ ಕೂಗಿದರು:

“ಮೇಸ್ತ್ರೀ, ಬರ್ತೀನಿ!”

ಕೂಗು ಕೇಳಿಸಿದರೂ ತಮ್ಮಯ್ಯ ತಿರುಗಲಿಲ್ಲ. ನಯನಾ ತಿರುಗುವುದನ್ನೇ ಕಾಯುತ್ತ ನಿಂತಿದ್ದ.