ಮುನಿಯಮ್ಮತ್ತೆಗೆ ನಾನು ಮಾಡಿಸಿದ ದೀಕ್ಷಾಸ್ನಾನ

ರೇಷ್ಮೆಗೂಡು ಬೇಯುವ ವಾಸನೆ ಎಲ್ಲಿಂದ ತೇಲಿ ಬಂದರೂ ನನಗೆ ಈಗಲೂ ನಮ್ಮ ರೇಷ್ಮೆಯೂರು ವಿಜಯಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಂದು ಭಾನುವಾರ. ದೀಕ್ಷಾಸ್ನಾನ ಆಗದವರಿಗೆ ಕೊನೆಯ ತೀರ್ಪಿನ ದಿನ ರಕ್ಷಣೆಯಿಲ್ಲವೆಂದು ಸಂಡೇ ಸ್ಕೂಲಿನ ಟೀಚರ್ ಹೇಳಿದ್ದರು. ನನಗೆ ಊಟ ಸೇರಲಿಲ್ಲ. ಪಕ್ಕದ ಮನೆಯ ಮುನಿಯಮ್ಮತ್ತೆ ಅಮ್ಮನ ಜೀವದ ಗೆಳತಿ. ಅಮ್ಮ ತೀರಿಕೊಂಡ ಮೇಲೆ ಎಣ್ಣೆ ಹಚ್ಚಿ, ಜಡೆ ಹೆಣೆದು ನನ್ನನ್ನು ಬೆಳೆಸಿದವಳು ಅವಳೇ. ಅವಳ ಹಣೆಯಲ್ಲಿ ಕಾಸಗಲ ಕುಂಕುಮ.

ನಮ್ಮ ಜಗಲಿಯ ನೆರಳಲ್ಲಿ ಅವಳು ಮಲಗಿದ್ದಳು. ಗೂಡು ಬೇಯಿಸಿ ನೂಲು ತೆಗೆಯುವ ಎದುರಿನ ಬಿಚ್ಚಾಣಿಕೆ ಶೆಡ್ಡಿನಿಂದ ಬಿಳಿ ಆವಿ ಬಂದು ಅವಳನ್ನು ಸವರಿ ಹೋಗುತ್ತಿತ್ತು. ಮೋಡದ ಮೇಲೆ ಮಲಗಿದಂತೆ ಕಂಡಳು. ಇನ್ನು ತಡ ಮಾಡಬಾರದೆನಿಸಿತು. ಚೊಂಬಿನ ನೀರನ್ನು ಅವಳ ತಲೆಗೆ ಸುರಿದು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದೆ.

ಅವಳು ದಡಬಡಿಸಿ ಎದ್ದಳು. ಒಳಗಿಂದ ಅಜ್ಜಿ ಓಡಿಬಂದರು.

"ನೀನು ನರಕಕ್ಕೆ ಹೋಗ್ಬಾರ್ದು ಅತ್ತೆ," ಎಂದು ಅತ್ತುಬಿಟ್ಟೆ.

ಅಜ್ಜಿ ಸೆರಗಿನಿಂದ ಅವಳ ತಲೆ ಒರೆಸತೊಡಗಿದರು. "ತಪ್ಪು ತಿಳ್ಕೋಬೇಡ ಕಣೆ ಮುನಿಯಮ್ಮ. ತೀರ್ಪು ಮಾಡೋನು ಮೇಲವ್ನೆ. ಈ ಮಗೂಗೇನು ಗೊತ್ತು?"

ಕರಗಿದ ಕುಂಕುಮ ಮೂಗಿನ ಮೇಲೆ ಇಳಿಯುತ್ತಿತ್ತು. ಮುನಿಯಮ್ಮತ್ತೆ ನನ್ನನ್ನೇ ನೋಡಿದಳು.

"ನಿಮ್ಮಮ್ಮ ಸ್ವರ್ಗದಲ್ಲಿ ಅವ್ಳಾ ಮಗ?"

"ಹೂಂ."

ಅವಳು ಅಜ್ಜಿಯ ಕೈಯನ್ನು ಮೆಲ್ಲನೆ ಸರಿಸಿದಳು. "ಹಂಗಾದ್ರೆ ಒರೆಸ್ಬೇಡಿ ಬಿಡಿ ಅಮ್ಮ. ತಾನಾಗೇ ಆರ್ಲಿ," ಎಂದು, ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು ಬಿಸಿಲಿಗೆ ಬಂದು ಕುಳಿತಳು.